ಬಳೆಗಾರನ ಕೈಗವಸು

“ಗುರುಗಳೇ, ನೊಂದವರಿಗೆ ಬೇಕಾದ ವಸ್ತುವನ್ನು ಕೊಟ್ಟುಬಿಟ್ಟರೆ ನಮ್ಮ ಕರ್ತವ್ಯ ಅಲ್ಲಿಗೆ ಮುಗಿಯಿತಲ್ಲವೇ?” ಎಂದು ಶಿಷ್ಯ ಕೇಳಿದ.

ಕಾಯಿಲೆ ಬಿದ್ದಿದ್ದ ಅಕ್ಕನಿಗೆ ಔಷಧಿ, ಹಣ್ಣು, ಹೊಸದೊಂದು ಕಂಬಳಿ ಎಲ್ಲವನ್ನೂ ಬಸ್ಸಿನವನ ಕೈಯಲ್ಲಿ ಕಳಿಸಿ ಅವನು ಆಗಷ್ಟೇ ಬಂದಿದ್ದ. ಮುಖದಲ್ಲಿ ನೆಮ್ಮದಿ ಇತ್ತು. ಗುರುಗಳು ಆ ನೆಮ್ಮದಿಯನ್ನು ನೋಡಿದರು. ಅವರಿಗೆ ಅದು ಹಿಡಿಸಲಿಲ್ಲ. ಹಿಡಿಸದ್ದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಅವರಿಗೆ ಇರಲೂ ಇಲ್ಲ.

“ಕೂತುಕೋ. ಒಬ್ಬ ಬಳೆಗಾರನ ವಿಷಯ ಹೇಳುತ್ತೇನೆ. ಅವನ ಹೆಸರು ಬೇಡ. ಅವನ ಹೆಂಡತಿಯ ಹೆಸರು ದ್ಯಾಮವ್ವ. ಅದನ್ನು ನೀನಾದರೂ ನೆನಪಿಟ್ಟುಕೋ” ಎಂದು ಶುರು ಮಾಡಿದರು.

ಈ ಬಳೆಗಾರ ಸೈಕಲ್ಲಿನ ಮೇಲೆ ಊರೂರು ತಿರುಗಿ ಬಳೆ ತೊಡಿಸುತ್ತಿದ್ದ. ಹಿಂದಿನ ಕ್ಯಾರಿಯರಿನ ಮೇಲೆ ಮರದ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಗಾಜು. ಅವನು ಕುಡಿಯುವವನಲ್ಲ, ಸುಳ್ಳು ಹೇಳುವವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನೂ ಅಲ್ಲ. ಒಳ್ಳೆಯವನು ಎಂದು ಹೆಸರಿತ್ತು. ಕೆಟ್ಟವರ ಕತೆ ಯಾರು ಬೇಕಾದರೂ ಹೇಳಿಯಾರು. ಒಳ್ಳೆಯವರದೇ ಕಷ್ಟ.

ಅವನ ವಿದ್ಯೆಯೆಲ್ಲ ಅಂಗೈಯಲ್ಲಿತ್ತು. ಹೆಂಗಸಿನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿದರೆ ಸಾಕು, ಯಾವ ಅಳತೆಯ ಬಳೆ ಎಂದು ತಿಳಿಯುತ್ತಿತ್ತು. ಒಮ್ಮೆ ಹಿಡಿದ ಕೈಯ ಅಳತೆಯನ್ನು ಅವನು ಮರೆಯುತ್ತಿರಲಿಲ್ಲ. ಬಳೆ ಗೆಣ್ಣು ದಾಟುವಾಗ “ನೋಯ್ತದೇನವ್ವಾ?” ಎಂದು ಕೇಳುತ್ತಿದ್ದ. ಕೇಳಬೇಕಲ್ಲ ಎಂದು ಕೇಳುತ್ತಿರಲಿಲ್ಲ. ನೋಯುತ್ತದೆ ಎಂದರೆ ನಿಲ್ಲಿಸುತ್ತಿದ್ದ, ಕೈ ನೀವುತ್ತಿದ್ದ, ಬೇರೆ ಬಳೆ ತೆಗೆಯುತ್ತಿದ್ದ. ತಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಆ ಮಾತು ಕೇಳದ ಹೆಂಗಸರು ಬಹಳ ಜನ. ಬಳೆ ಒಡೆಯದಿದ್ದರೂ ಅವರು ಅವನನ್ನು ಕರೆದು ಕೂರಿಸುತ್ತಿದ್ದರು.

ಹಾಳು ರಸ್ತೆಯಲ್ಲಿ ಸೈಕಲ್ ತುಳಿದು ತುಳಿದು ಅವನ ಕೈ ಜೋಮು ಹಿಡಿಯತೊಡಗಿತು. ಹ್ಯಾಂಡಲ್ ಒತ್ತಿ ಒತ್ತಿ ಅಂಗೈ ಜಡ್ಡುಗಟ್ಟಿತು. ಸೈಕಲ್ಲಿಂದ ಇಳಿದ ಮೇಲೆ ಎಷ್ಟೋ ಹೊತ್ತು ಬೆರಳುಗಳು ತನ್ನವಲ್ಲ ಎನಿಸುತ್ತಿತ್ತು. ಒಂದು ಮದುವೆ ಮನೆಯಲ್ಲಿ ಬಳೆ ಏರಿಸುವಾಗ ಮದುಮಗಳ ಕೈಯ ಗೆಣ್ಣು ಎಲ್ಲಿದೆಯೆಂದು ಅವನಿಗೆ ತಿಳಿಯಲಿಲ್ಲ. ಬಳೆ ಒಡೆದು ರಕ್ತ ಬಂತು. ಹುಡುಗಿಯ ತಾಯಿ ಒಂದು ಮಾತನ್ನೂ ಆಡದೆ ಅಂಗಳದ ಗಾಜು ಗುಡಿಸಿದಳು. ಬೈದಿದ್ದರೆ ಅವನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಕೈ ಹೋದರೆ ಬಳೆಗಾರನ ಬದುಕೇ ಹೋದಂತೆ.

ಮರುದಿನ ಪೇಟೆಗೆ ಹೋಗಿ ಸೈಕಲ್ ಅಂಗಡಿಯಲ್ಲಿ ಕೂತ. ಬೆರಳ ತುದಿ ಬಿಟ್ಟು ಅಂಗೈಗೆ ಮೆತ್ತೆ ಹಾಕಿ ಹೊಲಿದ ಕೈಗವಸುಗಳನ್ನು ಅಂಗಡಿಯವನು ಮುಂದೆ ಹರವಿದ. ಮೊದಲು ತೋರಿಸಿದ್ದು ಎಲ್ಲಕ್ಕಿಂತ ದಪ್ಪನೆಯದು, ಎಲ್ಲಕ್ಕಿಂತ ದುಬಾರಿಯದು. ಬಳೆಗಾರ ಹಾಕಿಕೊಂಡು ಹೊರಗೆ ನಿಲ್ಲಿಸಿದ್ದ ಸೈಕಲ್ಲಿನ ಹ್ಯಾಂಡಲ್ ಹಿಡಿದು ನೋಡಿದ. ಮೆತ್ತೆ ಮುದುರಿ ಅಂಗೈ ನಡುವೆ ಗಂಟಾಯಿತು. ಬೇಡ ಎಂದ. ತೀರ ಅಗ್ಗದ್ದನ್ನು ಹಾಕಿಕೊಂಡ. ಹೆಬ್ಬೆರಳಿನ ಸಂದಿಯಲ್ಲಿ ಹೊಲಿಗೆ ಕಚ್ಚಿತು. ಅದೂ ಬೇಡ ಎಂದ. ಇನ್ನೊಂದರಲ್ಲಿ ಮುಷ್ಟಿ ಕಟ್ಟಿದ, ಬಿಚ್ಚಿದ, ಬ್ರೇಕು ಹಿಡಿದ, ಬೆಲ್ಲು ಬಾರಿಸಿದ, ಒಳಗೆ ಬೆವರುತ್ತದೆಯೇ ಎಂದು ಬಿಸಿಲಲ್ಲಿ ನಿಂತ.

“ಹೆಣ್ಣು ನೋಡಾಕ ಬಂದವ್ರೂ ಇಷ್ಟ್ ನೋಡೂದಿಲ್ಲೋ ಯಪ್ಪಾ” ಎಂದು ಅಂಗಡಿಯವನು ನಕ್ಕ.

ನಿಜವೇ. ಬಳೆಗಾರ ಹೆಣ್ಣು ನೋಡಲು ಹೋದಾಗ ಇಷ್ಟು ನೋಡಿರಲಿಲ್ಲ.

ಬೆಳಿಗ್ಗೆ ಹೋದವನು ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಜೊತೆ ಆರಿಸಿದ. ಹ್ಯಾಂಡಲ್ಲಿನ ಭಾರ ಬೀಳುವ ಅಂಗೈ ಬುಡದಲ್ಲಷ್ಟೇ ಮೆತ್ತೆ, ಉಳಿದ ಕಡೆ ತೆಳು. ಕೈಗೆ ಅಂಟಿದಂತೆ ಕೂರುತ್ತಿತ್ತು, ಬಿಗಿಯುತ್ತಿರಲಿಲ್ಲ. ಬೆಲೆಯೂ ಕೈಗೆಟಕುವಂತಿತ್ತು. ಹಣ ಕೊಡುವಾಗ ಅವನಿಗೆ ಹೆಮ್ಮೆ ಎನಿಸಿತು. ಕೈ ಎಂದರೇನೆಂದು ಬಲ್ಲವನು ಕೈಗವಸು ಆರಿಸಿದರೆ ಹೀಗೆ ಎಂದುಕೊಂಡ. ಹೆಮ್ಮೆ ಸುಳ್ಳಲ್ಲ. ತಿಂಗಳೊಪ್ಪತ್ತಿನಲ್ಲಿ ಜೋಮು ಬಿಟ್ಟಿತು, ಜಡ್ಡು ಕರಗಿತು, ಅಂಗೈಗೆ ಹಳೆಯ ವಿದ್ಯೆ ಮರಳಿತು. ಕೆಲಸ ಮುಗಿದ ಮೇಲೆ ಕೈಗವಸನ್ನು ತೊಳೆದು ನೆರಳಲ್ಲಿ ಒಣಗಿಸಿ ಗೂಡಿನಲ್ಲಿಡುತ್ತಿದ್ದ. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಈಗ ದ್ಯಾಮವ್ವನ ಮಾತು. ಅವರ ಊರು ತಗ್ಗಿನಲ್ಲಿತ್ತು. ಊರು ಬಿಡಬೇಕಾದರೆ ಒಂದು ಕಡಿದಾದ ದಿಬ್ಬ ಏರಬೇಕು. ಬಳೆಗಾರ ಹ್ಯಾಂಡಲ್ ಹಿಡಿದು ಮುಂದಿನಿಂದ ಎಳೆಯುತ್ತಿದ್ದ. ದ್ಯಾಮವ್ವ ಕ್ಯಾರಿಯರಿನ ಕಬ್ಬಿಣಕ್ಕೆ ಎರಡೂ ಅಂಗೈ ಕೊಟ್ಟು ಹಿಂದಿನಿಂದ ನೂಕುತ್ತಿದ್ದಳು. ಸಂಜೆ ಅವನು ಬರುವ ಹೊತ್ತಿಗೆ ದಿಬ್ಬದ ಮೇಲೆ ಬಂದು ನಿಂತಿರುತ್ತಿದ್ದಳು. ಇಳಿಯುವಾಗ ಗಾಡಿ ಜಾರಿದರೆ ಗಾಜೆಲ್ಲ ಪುಡಿ. ಅದೇ ಕಬ್ಬಿಣವನ್ನು ಹಿಡಿದು ಹಿಂದಕ್ಕೆ ಜಗ್ಗುತ್ತ ಕೆಳಗಿನವರೆಗೂ ಬರುತ್ತಿದ್ದಳು. ನೂಕುವುದಕ್ಕಿಂತ ಜಗ್ಗುವುದು ಕಷ್ಟ. ಮನೆಯಲ್ಲಿ ಕೂತು ಬಳೆ ವಿಂಗಡಿಸಿ ದಾರಕ್ಕೆ ಪೋಣಿಸುವುದೂ ಅವಳದೇ. ಸೀಳುಬಿಟ್ಟ ಬಳೆ ಯಾವುದೆಂದು ಮೊದಲು ಗೊತ್ತಾಗುತ್ತಿದ್ದುದು ಅವಳ ಬೆರಳಿಗೆ.

ಅವಳು ತೊಡುತ್ತಿದ್ದುದು ಪೆಟ್ಟಿಗೆಯಲ್ಲಿ ಉಳಿದ ಬಳೆ. ಜೊತೆ ತಪ್ಪಿದ್ದು, ಬಣ್ಣ ಮಾಸಿದ್ದು, ಯಾರೂ ಬೇಡವೆಂದದ್ದು. ಕೈಗೆ ಸೋಪು ಹಚ್ಚಿಕೊಂಡು ತಾನೇ ಏರಿಸಿಕೊಳ್ಳುತ್ತಿದ್ದಳು. ಅವನು ಅವಳಿಗೆ ಬಳೆ ತೊಡಿಸಿದವನೇ ಅಲ್ಲ. ಬೇಡವೆಂದಲ್ಲ. ಅದು ಅವನಿಗೆ ಹೊಳೆದೇ ಇರಲಿಲ್ಲ.

ಒಮ್ಮೆ ದ್ಯಾಮವ್ವ ತಂಗಿಯ ಊರಿಗೆ ಹೋದಳು. ತಂಗಿಯ ಮಗುವಿಗೆ ಹೆಸರಿಡುವ ದಿನ. ಆ ಊರಿಗೆ ಬರುವ ಮುದುಕ ಬಳೆಗಾರ ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿದ್ದ. ಹೆಂಗಸರೆಲ್ಲ ಸಾಲಾಗಿ ಕೂತರು, ಅವಳೂ ಕೂತಳು. ಮರಳಿ ಬಂದಾಗ ಅವಳ ಎರಡೂ ಕೈಯಲ್ಲಿ ಹೊಸ ಹಸಿರು ಬಳೆಗಳಿದ್ದವು. ಒಂದೇ ಬಣ್ಣ, ಒಂದೇ ಅಳತೆ, ಕೈಗೆ ಹೇಳಿ ಮಾಡಿಸಿದ ಹಾಗೆ.

ಆ ಹಸಿರು ತನ್ನ ಪೆಟ್ಟಿಗೆಯದಲ್ಲ ಎಂದು ಬಳೆಗಾರನಿಗೆ ಹೊಸ್ತಿಲಲ್ಲೇ ತಿಳಿಯಿತು. ಅವನ ಮೈ ಉರಿದುಹೋಯಿತು.

“ಬಳಿಗಾರನ ಹೇಣ್ತಿ ಇನ್ನೊಬ್ಬ ಬಳಿಗಾರನ ಕಡೆ ಬಳಿ ಇಡಿಸ್ಕೊಂಡು ಬಂದಿ! ನಾಳೆ ನಾ ಯಾವ ಓಣ್ಯಾಗ ತಲಿ ಎತ್ತಿ ತಿರಗಲಿ? ಮನ್ಯಾಗ ಬಳಿ ಇರಲಿಲ್ಲೇನು? ರೊಕ್ಕಾ ಕೊಟ್ಟು ಯಾಕ ಇಡಿಸ್ಕೊಂಡಿ?”

ದ್ಯಾಮವ್ವ ಗಂಟು ಕೆಳಗಿಟ್ಟಳು. ಅಳಲಿಲ್ಲ. ದನಿ ಏರಿಸಲೂ ಇಲ್ಲ.

“ನಾ ಬಳಿಗೆ ರೊಕ್ಕಾ ಕೊಡಲಿಲ್ಲ. ಆ ಮುದಕಪ್ಪ ನನ್ನ ಕೈ ಹಿಡದಾ, ತಿರುವಿ ನೋಡಿದಾ, ‘ನೋಯ್ತದೇನವ್ವಾ’ ಅಂತ ಕೇಳಿದಾ. ಅದಕ್ಕ ಕೊಟ್ಟೆ.”

ಅವಳು ಒಳಗೆ ಹೋಗಿ ಒಲೆ ಹಚ್ಚಿದಳು. ಅವನು ಉಂಡ, ಅವಳು ಬಡಿಸಿದಳು. ಮರುದಿನ ಎಂದಿನಂತೆ ದಿಬ್ಬ ಏರಿದರು. ಹಿಂದಿನಿಂದ ಬಳೆಗಳ ಸದ್ದು ಬರುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

ಆ ದಿನ ಒಂದು ಊರಿನಲ್ಲಿ ಯಾರದೋ ಕೈ ಹಿಡಿದು “ನೋಯ್ತದೇನವ್ವಾ?” ಎನ್ನಲು ಹೋದ. ಮಾತು ಗಂಟಲಲ್ಲೇ ನಿಂತಿತು. ತನ್ನ ಬಾಯಲ್ಲಿ ದಿನವೂ ಪುಕ್ಕಟೆಯಾಗಿ ಓಡಾಡುವ ಮಾತನ್ನು ತನ್ನ ಹೆಂಡತಿ ಪರ ಊರಿನಲ್ಲಿ ಕೊಂಡು ತಂದಳಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅರ್ಧಕ್ಕೇ ಪೆಟ್ಟಿಗೆ ಕಟ್ಟಿ ಸೈಕಲ್ ಹತ್ತಿದ. ಆ ಹ್ಯಾಂಡಲ್ ಮನೆಯ ಕಡೆಗೂ ತಿರುಗುತ್ತಿತ್ತು. ಅವನು ಪೇಟೆಯ ಕಡೆಗೆ ತಿರುಗಿಸಿದ.

ಯಾಕೆ ಎಂದರೆ, ಮನೆಗೆ ಹೋಗಿ ಆ ಕೈಯನ್ನು ತಿರುವಿ ನೋಡಲು ಅವನಿಗೆ ಭಯ. ಇಷ್ಟು ವರ್ಷ ಎಲ್ಲಿದ್ದೆ ಎಂದು ಅವಳು ಕೇಳುತ್ತಿರಲಿಲ್ಲ. ಆದರೆ ಅಂಗೈ ಕೇಳುತ್ತಿತ್ತು. ಅಂಗೈಯ ಮಾತು ಅವನಿಗೆ ಚೆನ್ನಾಗಿ ತಿಳಿಯುತ್ತಿತ್ತಲ್ಲ, ಅದೇ ಕಷ್ಟ.

ಅದೇ ಅಂಗಡಿ, ಅದೇ ಅಂಗಡಿಯವನು. ಹೆಂಡತಿಗೆ ಒಂದು ಜೊತೆ ಕೈಗವಸು ಬೇಕು ಎಂದ.

“ಕೈ ಅಳತಿ ಎಷ್ಟು?” ಎಂದು ಅಂಗಡಿಯವನು ಕೇಳಿದ.

ಬಳೆಗಾರ ಬಾಯಿ ತೆರೆದ. ಗೌಡರ ಸೊಸೆಯ ಅಳತೆ ಅವನಿಗೆ ಗೊತ್ತಿತ್ತು. ಶಾಲೆಯ ಟೀಚರಮ್ಮನದು ಗೊತ್ತಿತ್ತು. ಎಡಗೈ ಬಲಗೈಗಿಂತ ದಪ್ಪವಿದ್ದ ಕುಂಬಾರರ ಮುದುಕಿಯದು ಗೊತ್ತಿತ್ತು. ಹೋದ ವರ್ಷ ಒಮ್ಮೆ ಬಂದು ಹೋದ ಯಾವುದೋ ನೆಂಟರ ಹುಡುಗಿಯದೂ ಬೆರಳಿನಲ್ಲಿ ಉಳಿದಿತ್ತು. ದ್ಯಾಮವ್ವನ ಕೈ ನೆನಪು ಮಾಡಿಕೊಂಡ. ಬರಲಿಲ್ಲ. ಆ ಕೈಗಳು ಯಾವಾಗಲೂ ಅವನ ಬೆನ್ನ ಹಿಂದೆ ಇದ್ದವು.

“ಹೆಂಗಸರದು ಕೊಡು. ಛಲೋದು ಕೊಡು” ಎಂದ.

ಚಹಾ ಕುಡಿದು ಮುಗಿಸುವಷ್ಟರಲ್ಲಿ ವ್ಯಾಪಾರ ಮುಗಿಯಿತು. ದಪ್ಪ ಮೆತ್ತೆಯದು, ದುಬಾರಿಯದು. ತನಗೆ ಬೇಡವೆಂದು ಎಂದೋ ತೆಗೆದಿಟ್ಟಿದ್ದನಲ್ಲ, ಅದರದೇ ಜಾತಿಯದು. ಈ ಸಲ ಚೌಕಾಸಿಯನ್ನೂ ಮಾಡಲಿಲ್ಲ. ಬೆಲೆ ಹೆಚ್ಚಾದಷ್ಟೂ ಮನಸ್ಸು ಹಗುರವಾಯಿತು.

ಸಂಜೆ ದಿಬ್ಬದ ಮೇಲೆ ಅವಳು ನಿಂತಿದ್ದಳು. ಸೈಕಲ್ಲಿನಿಂದ ಇಳಿಯುತ್ತಲೇ ಪೊಟ್ಟಣವನ್ನು ಅವಳ ಕಡೆ ಚಾಚಿದ.

“ತಗೋ, ಇನ್ನ ನೋಯೂದಿಲ್ಲ” ಎಂದ.

ದ್ಯಾಮವ್ವ ಬಿಚ್ಚಿ ನೋಡಿದಳು. ಅವನ ಮುಖವನ್ನೂ ಒಮ್ಮೆ ನೋಡಿದಳು. ಅವನು ಆಗಲೇ ಹ್ಯಾಂಡಲ್ ಹಿಡಿದು ಇಳಿಜಾರಿನ ಕಡೆ ತಿರುಗಿದ್ದ. ಅವಳು ಕೈಗವಸು ಹಾಕಿಕೊಂಡಳು. ಮಣಿಕಟ್ಟಿನಲ್ಲಿ ಸಡಿಲವಿತ್ತು. ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ಸುತ್ತಿ ಕಟ್ಟಿಕೊಂಡಳು. ಆಮೇಲೆ ಕ್ಯಾರಿಯರ್ ಹಿಡಿದು ಹಿಂದಕ್ಕೆ ಜಗ್ಗುತ್ತ ಇಳಿದಳು.

ಓಣಿಯವರು ಹೊಗಳಿದರು. ಹೆಂಡತಿ ಸೈಕಲ್ ನೂಕುತ್ತಾಳೆಂದು ಮೆತ್ತನೆಯ ಕೈಗವಸು ತಂದುಕೊಡುವ ಗಂಡ ಎಲ್ಲಿ ಸಿಗುತ್ತಾನೆ ಎಂದರು. ಬಳೆಗಾರನೂ ಬಳೆ ತೊಡಿಸುವಾಗ ಊರೂರಲ್ಲಿ ಆ ಮಾತನ್ನು ತಾನಾಗಿ ಎತ್ತುತ್ತಿದ್ದ. ಹೆಂಗಸರು ಕೇಳಿ, ದ್ಯಾಮವ್ವ ಪುಣ್ಯವಂತೆ ಎನ್ನುತ್ತಿದ್ದರು. ಗಂಟಲಲ್ಲಿ ನಿಂತಿದ್ದ ಮಾತು ಮತ್ತೆ ಸಲೀಸಾಗಿ ಓಡಾಡತೊಡಗಿತು. ನಾಚಿಕೆ ಹೋಯಿತು. ನೆಮ್ಮದಿ ಬಂತು. ಬಹಳ ಜನರ ನೆಮ್ಮದಿ ಹೀಗೇ ಅಂಗಡಿಯಿಂದ ಬಂದದ್ದು.

ಹಸಿರು ಬಳೆಗಳು ಒಂದೊಂದಾಗಿ ಒಡೆದವು. ಅವಳು ಮತ್ತೆ ಪೆಟ್ಟಿಗೆಯಲ್ಲಿ ಉಳಿದದ್ದನ್ನು ಸೋಪು ಹಚ್ಚಿ ಏರಿಸಿಕೊಂಡಳು. ತಂಗಿಯ ಊರಿಗೆ ಹೋಗುವ ಮಾತು ಎತ್ತಲಿಲ್ಲ. ಯಾವುದಕ್ಕೂ ದೂರಲಿಲ್ಲ. ಅವಳು ಸುಮ್ಮನಿದ್ದುದನ್ನು ಅವನು ಸುಖವಾಗಿದ್ದಾಳೆ ಎಂದು ಲೆಕ್ಕ ಹಾಕಿದ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವವನಂತೆ ಕೇಳಿದ:

“ತಡವಾಗಿಯಾದರೂ ಅವಳ ನೋವು ತಪ್ಪಿತಲ್ಲ, ಗುರುಗಳೇ?”

“ಅವಳಿಗೆ ನೋವು ತಪ್ಪಿತೋ ಇಲ್ಲವೋ ಯಾರಿಗೆ ಗೊತ್ತು, ಅವಳ ಕೈ ಹಿಡಿದು ಕೇಳುವುದಂತೂ ಅವನಿಗೆ ತಪ್ಪಿತು” ಎಂದರು ಗುರುಗಳು.