ಬಾಯ್ಲರ್ ಬ್ಯಾಂಡಿನ ಮೂವರು ಮುದುಕರು

ಕಾಳಿ ನದಿಯ ದಂಡೆಯಲ್ಲಿ, ಒಂದು ಕಾರ್ಖಾನೆ ಊರಿನ ಅಂಚಿಗೆ, ಹಂಚು ಹೊದಿಸಿದ ಷೆಡ್ಡೊಂದಿತ್ತು. ಇನಾಸ್ ಮಾಸ್ತರರು ಅಲ್ಲಿ ಗಿಟಾರ್ ಕಲಿಸುತ್ತಿದ್ದರು. ಊರವರು ನಗುತ್ತ ಅದನ್ನು ‘ಆಶ್ರಮ’ ಎನ್ನುತ್ತಿದ್ದರು. ಆಶ್ರಮಕ್ಕೆ ಇದ್ದ ಶಿಷ್ಯೆ ಒಬ್ಬಳೇ, ಕಸ್ತೂರಿ.

ಕಸ್ತೂರಿ ಅಲ್ಲಿಗೆ ಬಂದದ್ದು ಒಂದು ಕ್ಯಾಸೆಟ್ಟಿನ ದೆಸೆಯಿಂದ. ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದಾಗ ಸೋದರಮಾವನ ಟ್ರಂಕಿನಲ್ಲಿ ಅದು ಸಿಕ್ಕಿತ್ತು. ಮೇಲೆ ನೀಲಿ ಶಾಯಿಯಲ್ಲಿ ‘ಬಾಯ್ಲರ್, ಬೆಳಗಾವಿ, ೧೯೭೯’ ಎಂದು ಬರೆದಿತ್ತು.

ಬಾಯ್ಲರ್ ಎಂದರೆ ಕಾರ್ಖಾನೆಯ ಮೂವರು ಹುಡುಗರು ಕಟ್ಟಿದ ರಾಕ್ ಬ್ಯಾಂಡ್. ಇನಾಸ್ ಗಿಟಾರ್, ಮೌಲಾಸಾಬ ಡ್ರಮ್ಸ್, ವಿಠೋಬ ಬೇಸ್ ಗಿಟಾರ್ ಮತ್ತು ಹಾಡು.

ಕ್ಯಾಸೆಟ್ಟಿನಲ್ಲಿ ‘ಸೈರನ್’ ಎಂಬ ಹಾಡಿತ್ತು. ಬಾಲಕ್ಕೆ ಬೆಂಕಿ ಬಿದ್ದವರ ಹಾಗೆ ಮೂವರೂ ಬಾರಿಸುತ್ತ ಓಡುತ್ತಿದ್ದರು. ನಡುವೆ ವಿಠೋಬ ಕಾರ್ಖಾನೆಯ ಸೈರನ್ನಿನಂತೆ ಒಂದು ಕೂಗು ಹಾಕುತ್ತಿದ್ದ. ಒಂದೇ ಉಸಿರು, ಇಪ್ಪತ್ತೆರಡು ಸೆಕೆಂಡು. ಕಸ್ತೂರಿ ಗಡಿಯಾರ ಹಿಡಿದು ಎಣಿಸಿದ್ದಳು.

ಬಿ.ಎಡ್. ಅರ್ಧಕ್ಕೆ ಬಿಟ್ಟು ಬಂದಳು. ಅಪ್ಪ ಮಾತು ಬಿಟ್ಟ. ಹಗಲು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ, ಸಂಜೆ ಗಿಟಾರ್. ಆ ಹಾಡಿನ ಓಟ ಹಿಡಿಯಲು ಎರಡು ವರ್ಷ ಬೆರಳು ಸವೆಸಿದಳು. ಹತ್ತಿರ ಬಂದಿದ್ದಳು. ಕೈಗೆ ಸಿಕ್ಕಿರಲಿಲ್ಲ.

ಹೀಗಿರುವಾಗ ನಿವೃತ್ತ ಕಾರ್ಮಿಕರು ತಮ್ಮ ಸ್ನೇಹಕೂಟಕ್ಕೆ ಬಾಯ್ಲರ್ ಬ್ಯಾಂಡನ್ನು ಕರೆದರು. ಮೂವರೂ ಒಟ್ಟಿಗೆ ಬಾರಿಸಿ ಮೂವತ್ತೊಂದು ವರ್ಷವಾಗಿತ್ತು.

“ಹೂಂ ಅಂದ್ಬಿಟ್ಟೆ” ಎಂದರು ಮಾಸ್ತರರು. ಅವರಿಗೆ ಆಗ ಎಪ್ಪತ್ತೆರಡು.

ಮರುದಿನದಿಂದ ಷೆಡ್ಡಿನಲ್ಲಿ ತಾಲೀಮು ಶುರುವಾಯಿತು. ಮೌಲಾಸಾಬ ಕೂರಲು ದಿಂಬು ಹಿಡಿದುಕೊಂಡು ಬಂದ. ಹಿಟ್ಟಿನ ಗಿರಣಿ ನಡೆಸುತ್ತಿದ್ದ ವಿಠೋಬ ಮೈಯೆಲ್ಲ ಹಿಟ್ಟು ಮಾಡಿಕೊಂಡೇ ಬಂದ.

ಕಸ್ತೂರಿ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಳು.

ಮೂವರೂ ಒಂದು ಗಂಟೆ ಚಹಾ ಕುಡಿದರು. ಇನ್ನೊಂದು ಗಂಟೆ, ಹಾಡಿನ ಎರಡನೆಯ ಚರಣ ಮರೆತವರು ಯಾರು ಎಂದು ಜಗಳಾಡಿದರು. ಕೊನೆಗೆ ಬಾರಿಸಿದಾಗ ಹಾಡು ಎತ್ತಿನ ಗಾಡಿಯ ಹಾಗೆ ಹೊರಟಿತು. ಶ್ರುತಿ ಎರಡು ಮನೆ ಕೆಳಗಿಳಿದಿತ್ತು. ಕೂಗಿನ ಜಾಗ ಬಂದಾಗ ವಿಠೋಬ ಕೈಬೀಸಿ, “ಇದನ್ನ ಅವತ್ತ ನೋಡೋಣು” ಎಂದ.

ಕಸ್ತೂರಿ ಮೂರು ದಿನ ಸಹಿಸಿದಳು. ನಾಲ್ಕನೆಯ ದಿನ ಉಳಿದಿಬ್ಬರು ಹೋದ ಮೇಲೆ ಬಾಯಿ ತೆರೆದಳು.

“ಮಾಸ್ತರ, ಸಿಟ್ಟಾಗಬ್ಯಾಡ್ರಿ. ನೀವು ಬಾರಿಸಬ್ಯಾಡ್ರಿ.”

“ಯಾಕ?”

“ಜನ ನಗ್ತಾರ.”

“ನಗ್ಲಿ. ನಕ್ಕೊಂತ ಹೋದ್ರ ಸ್ನೇಹಕೂಟ ಚಲೋ ಆತು ಅಂತ ಅರ್ಥ.”

“ನಗಿ ಮಾತಲ್ರಿ. ಬೆಳಗಾವ್ಯಾಗ ಬಾರಿಸಿದವರು ನೀವು. ಅದನ್ನ ಕೇಳೇ ನಾನು ಎಲ್ಲಾ ಬಿಟ್ಟು ಬಂದೆ. ಅದು ಹಂಗ ಉಳೀಲಿ.”

ಮಾಸ್ತರರು ಗಿಟಾರನ್ನು ಗೋಡೆಗೆ ಒರಗಿಸಿದರು.

“ಒಂದ ಕೆಲಸ ಮಾಡು. ಅವತ್ತ ಮೊದಲನೇ ಸಾಲಿನ್ಯಾಗ ಕುಂದ್ರು. ನಿನಗ ಸಾಕನಿಸಿದ ಕೂಡಲೇ ಕೈ ಎತ್ತು. ಹಾಡು ಎಲ್ಲೇ ಇರಲಿ, ಅಲ್ಲೇ ನಿಂದ್ರಸ್ತೀನಿ.”

“ಎಲ್ಲಾರ ಮುಂದ?”

“ಎಲ್ಲಾರ ಮುಂದ. ಮಾತು ಕೊಟ್ಟೀನಿ.”

ಸ್ನೇಹಕೂಟದ ದಿನ ನದಿ ಪಕ್ಕದ ಮೈದಾನದಲ್ಲಿ ಇನ್ನೂರು ಕುರ್ಚಿ ಹಾಕಿದ್ದರು. ಬಿಸಿಲು ಇಳಿಯುವ ಹೊತ್ತು. ನಿವೃತ್ತರು ಇಸ್ತ್ರಿ ಅಂಗಿ ತೊಟ್ಟು, ಹೆಂಡತಿ ಮಕ್ಕಳು ಮೊಮ್ಮಕ್ಕಳ ಸಮೇತ ಬಂದಿದ್ದರು. ಕಸ್ತೂರಿ ಮೊದಲ ಸಾಲಿನ ತುದಿಯಲ್ಲಿ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಳು.

ಮೊದಲೆರಡು ಹಾಡು ಹೇಗೋ ದಾಟಿದವು. ಮೂರನೆಯದು ‘ಸೈರನ್’.

ಹಾಡು ನಿಧಾನವಾಗಿಯೇ ಹೊರಟಿತು. ವಿಠೋಬ ಎರಡನೆಯ ಚರಣ ಬಿಟ್ಟು ಸೀದಾ ಮೂರನೆಯದಕ್ಕೆ ಹಾರಿದ. ಕಸ್ತೂರಿ ಕಣ್ಣು ಮುಚ್ಚಿದಳು. ಕೂಗಿನ ಜಾಗ ಬಂತು.

ವಿಠೋಬ ಎದೆ ತುಂಬ ಉಸಿರೆಳೆದು ಕೂಗಿದ. ನಾಲ್ಕನೆಯ ಸೆಕೆಂಡಿಗೆ ಗಂಟಲು ಒಡೆಯಿತು. ಕೆಮ್ಮು ಬಂತು. ಕೆಮ್ಮಿನ ಹಿಂದೆ ನಗು ಬಂತು. ಮೈಕಿನ ಮುಂದೆಯೇ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನನ್ನು ನೋಡಿ ಮೌಲಾಸಾಬನೂ ನಕ್ಕ, ಒಂದು ಕೋಲು ಕೈಜಾರಿ ಕೆಳಗೆ ಬಿತ್ತು.

ಕಸ್ತೂರಿ ಬಲಗೈಯನ್ನು ತೊಡೆಯಡಿಯಿಂದ ತೆಗೆದಳು.

ಆದರೆ ಗಿಟಾರ್ ನಿಂತಿರಲಿಲ್ಲ. ಮಾಸ್ತರರು ನಾಲ್ಕೇ ಸ್ವರ ಹಿಡಿದುಕೊಂಡು ಅವನ್ನೇ ಸುತ್ತಿಸುತ್ತ ನಿಂತಿದ್ದರು. ಅವಸರವಿಲ್ಲ, ಗಾಬರಿಯಿಲ್ಲ. ಜೊತೆಗಾರ ಚಪ್ಪಲಿ ಹಾಕಿಕೊಂಡು ಬರಲೆಂದು ಬಾಗಿಲಲ್ಲಿ ಕಾಯುವವರ ಹಾಗೆ.

ಮೌಲಾಸಾಬ ಬಗ್ಗಿ ಕೋಲು ಹುಡುಕಿದ. ವಿಠೋಬ ನೀರು ಕುಡಿದ, ಬಾಯಿ ಒರೆಸಿಕೊಂಡ, ಮತ್ತೆ ಮೈಕಿಗೆ ಬಂದ.

ಈ ಸಲ ಅವನು ಮೇಲಿನಿಂದ ಕೂಗಲಿಲ್ಲ. ಹೊಟ್ಟೆಯ ತಳದಿಂದ ಹಿಡಿದ. ನಿಜವಾದ ಸೈರನ್ ಶುರುವಾಗುವುದೂ ಹಾಗೆಯೇ, ಮೊದಲು ಗೊರಗುಟ್ಟುತ್ತದೆ, ಆಮೇಲೆ ಏರುತ್ತದೆ. ಅವನ ದನಿ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಇನ್ನು ಆಗುವುದಿಲ್ಲ ಎನ್ನುವಲ್ಲಿ ಗಿಟಾರ್ ಅದನ್ನು ಎತ್ತಿಕೊಂಡಿತು. ದನಿ ಎಲ್ಲಿ ಬಿಟ್ಟಿತು, ತಂತಿ ಎಲ್ಲಿ ಹಿಡಿಯಿತು, ಕಸ್ತೂರಿಗೆ ತಿಳಿಯಲಿಲ್ಲ. ಕೆಳಗೆ ಮೌಲಾಸಾಬನ ಡ್ರಮ್ಮು ಉಗಿ ತುಂಬಿದ ಯಂತ್ರದಂತೆ ಗುಡುಗತೊಡಗಿತು.

ಮೂರನೆಯ ಸಾಲಿನಲ್ಲಿ ಒಬ್ಬ ಮುದುಕ ದಡಬಡಿಸಿ ಎದ್ದುನಿಂತು ಕೈಗಡಿಯಾರ ನೋಡಿಕೊಂಡ. “ಕುಂದ್ರೋ ಮಾರಾಯ, ನಿನ್ನ ಪಾಳಿ ಮುಗದು ಹದಿನೈದು ವರ್ಷ ಆತು!” ಎಂದು ಪಕ್ಕದವನು ಕೂಗಿದ. ಮೈದಾನವೆಲ್ಲ ಗೊಳ್ಳೆಂದಿತು. ಮುದುಕ ಕೂರಲಿಲ್ಲ. ಹೆಂಡತಿಯ ಕೈ ಹಿಡಿದು ಎಬ್ಬಿಸಿದ. ಅವರ ಹಿಂದಿನವರು ಎದ್ದರು. ಆಮೇಲೆ ಯಾರೂ ಕೂತಿರಲಿಲ್ಲ.

ಇದ್ದಕ್ಕಿದ್ದಂತೆ ವೇದಿಕೆಯ ಮೇಲೆ ಎಲ್ಲ ನಿಂತುಹೋಯಿತು.

“ಯಾಕ ನಿಂದ್ರಿಸಿದ್ರಿ?” ಜನ ಕೂಗಿದರು. “ಹೊಡೀರಿ! ಹೊಡೀರಿ!”

ಮಾಸ್ತರರು ಮೈಕಿನ ಹತ್ತಿರ ಬಂದರು. “ನಾ ಏನ ಮಾಡ್ಲಿ? ಈಕಿ ಕೈ ಎತ್ತಿದಳು. ಕೈ ಎತ್ತಿದ್ರ ನಿಂದ್ರಸ್ತೀನಿ ಅಂತ ಮಾತು ಕೊಟ್ಟಿದ್ದೆ.”

ಇನ್ನೂರು ಮುಖ ಕಸ್ತೂರಿಯತ್ತ ತಿರುಗಿದವು. ಅವಳು ನಿಂತಿದ್ದಳು. ತನ್ನ ಎರಡೂ ಕೈ ತಲೆಗಿಂತ ಮೇಲೆ ಎದ್ದಿದ್ದದ್ದು ಅವಳಿಗೆ ಆಗಲೇ ಗೊತ್ತಾದದ್ದು.

“ಇದು ಕುಣಿಯೂ ಕೈರೀ, ಮಾಸ್ತರ!” ಎಂದು ಚೀರಿದಳು.

“ಹಂಗೇನು?” ಎಂದರು ಮಾಸ್ತರರು. “ಹಂಗಾರ ಮೊದಲಿಂದ ಹಿಡಿಯೂನು.”

“ಮೊದಲಿಂದನ?” ಎಂದು ಮೌಲಾಸಾಬ ನರಳಿದ. ಮೈದಾನ ನಗೆಯಲ್ಲಿ ಅಲ್ಲಾಡಿತು.

ಮೊದಲಿನಿಂದಲೇ ಬಾರಿಸಿದರು.

ಮರುದಿನ ಬೆಳಿಗ್ಗೆ ಕಸ್ತೂರಿ ನದಿ ದಂಡೆಗೆ ಬಂದಾಗ ಮಾಸ್ತರರು ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅವಳ ಕಣ್ಣು ಕೆಂಪಾಗಿದ್ದವು. ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

“ಮಾಸ್ತರ, ಒಂದು ಕೇಳ್ಲೇನ್ರಿ?”

“ಕೇಳು.”

“ಬಾಯ್ಲರ್ ಯಾವಾಗ ಚಲೋ ಬಾರಿಸ್ತು? ಹರೇದಾಗೋ, ಈಗೋ?”

“ನಿನಗ ಏನ ಅನಸ್ತೈತಿ?”

“ನಿನ್ನಿ ಮಟ ಹರೇದಾಗ ಅಂತಿದ್ದೆ. ಕ್ಯಾಸೆಟ್ಟಿನ್ಯಾಗಿನ ಆ ಓಟ! ಜೀವದ ಹಂಗು ಇಲ್ಲದವರು ಮಾತ್ರ ಹಂಗ ಬಾರಿಸ್ತಾರ.”

“ಜೀವದ ಹಂಗು ಇರಲಿಲ್ಲ, ಖರೆ. ಬಸ್ಸಿನ ಹಂಗಿತ್ತು.”

“ಬಸ್ಸು?”

“ಬೆಳಗಾವಿಯಿಂದ ಈ ಕಡೆ ಕಡೀ ಬಸ್ಸು ಒಂಬತ್ತಕ್ಕಿತ್ತು. ನಮ್ಮನ್ನ ವೇದಿಕೆಗೆ ಕರದಾಗ ಎಂಟೂ ನಲವತ್ತು. ಮರುದಿನ ಮುಂಜಾನೆ ಆರಕ್ಕ ಮೂವರದೂ ಡ್ಯೂಟಿ. ಓಡದ ಏನ ಮಾಡೂದು?”

ಕಸ್ತೂರಿ ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು. ದಪ್ಪಗೆ ದಡ್ಡುಗಟ್ಟಿದ್ದವು.

“ಅಂದ್ರ ಎರಡು ವರ್ಷ ನಾ ಬಸ್ಸು ಹಿಡಿಯೂದು ಕಲಿತ್ನೇನ್ರಿ?”

“ಚಲೋ ಕಲಿತಿ. ನಮಗ ಅದು ತಪ್ಪಿತ್ತು.”

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಮೊದಲ ಯಾಕ ಹೇಳಲಿಲ್ರಿ?”

“ನೀ ಕೇಳಲಿಲ್ಲ.”

ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಕಸ್ತೂರಿಯ ಮುಖ ಮತ್ತೆ ಅರಳಿತು.

“ಹಂಗಾರ ಈಗಿನದ ಚಲೋ! ನಿನ್ನಿ ಎಷ್ಟು ಸಮಾಧಾನದಿಂದ ಬಾರಿಸಿದ್ರಿ. ವಯಸ್ಸಾದಂಗ ವಿದ್ಯಾ ಮಾಗತೈತಿ ಅಂತಾರಲ್ರಿ, ಆ ನಿಧಾನ...”

“ಮೌಲಾಸಾಬನ ಮೊಣಕಾಲು.”

“ಏನ್ರಿ?”

“ಅದು ಅದಕ್ಕಿಂತ ಜೋರು ಓಡಂಗಿಲ್ಲ.”

ಕಸ್ತೂರಿ ಈಗ ನಕ್ಕೇಬಿಟ್ಟಳು. ನಗುತ್ತ ನಗುತ್ತ ಕಲ್ಲಿನ ಮೇಲೆ ಕೂತಳು. ಕಣ್ಣಲ್ಲಿ ನೀರು ಬಂತು. ಆದರೆ ಪ್ರಶ್ನೆ ಹೋಗಲಿಲ್ಲ.

“ಖರೆ ಹೇಳ್ರಿ, ಮಾಸ್ತರ. ಇದಕ್ಕ ನಾ ಮನಿ ಬಿಟ್ಟು ಬಂದೀನಿ. ಯಾವುದು ಚಲೋ ಇತ್ತು?”

ಇನಾಸ್ ಮಾಸ್ತರರು ಲೋಟ ಕೆಳಗಿಟ್ಟು ಅವಳ ಮುಖ ನೋಡಿದರು.

“ನಮಗ ಹೆಂಗ ಗೊತ್ತಾಗಬೇಕವ್ವ? ಒಮ್ಮೆರ ನಾವು ಮುಂದ ಕುಂತು ಕೇಳೀವೇನು?”