ಪೇಪರಿಗಿಂತ ಮೊದಲು

ಬಾಗಲಕೋಟೆ ಕಡೆಯ ಒಂದು ಸಣ್ಣ ಪತ್ರಿಕೆಯ ಕಚೇರಿಯಲ್ಲಿ ಫೋನು ಎತ್ತುವುದೂ, ವೆಬ್‌ಸೈಟಿಗೆ ಸುದ್ದಿ ಏರಿಸುವುದೂ ದಾನಮ್ಮನ ಕೆಲಸ. ಮಾಲೀಕ ದೇಸಾಯರದು ಒಂದೇ ಹಟ.

"ಪೇಪರಿನಾಗ ಬರೂಕಿಂತ ಮೊದಲ ಯಾವ ಸುದ್ದೀನೂ ವೆಬ್‌ಸೈಟಿಗೆ ಹೋಗಬಾರದು. ಪುಕ್ಕಟೆ ಓದಿದವರು ಪೇಪರ್ ಯಾಕ ತಗೋತಾರ? ಹಾಕಿದ್ಯಂದ್ರ ನಿನ್ನ ಕೆಲಸಾ ಹೋತು."

ನೀರು ಯಾವಾಗ ಬಿಡ್ತಾರ, ಬಸ್ಸು ಐತೋ ಇಲ್ಲೋ ಎಂದು ಊರಿನವರು ಫೋನು ಮಾಡಿ ಕೇಳುತ್ತಿದ್ದರು. ಉತ್ತರ ಗೊತ್ತಿದ್ದೂ ದಾನಮ್ಮ "ನಾಳೆ ಪೇಪರ್ ನೋಡ್ರಿ" ಅನ್ನಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ದೇಸಾಯರದೇ ಫೋನು ಬಂತು. ಮಗಳ ನಿಶ್ಚಯಕ್ಕೆಂದು ಬೀಗರ ಊರಿಗೆ ಹೊರಟವರು ಸೇತುವೆಯ ಹತ್ತಿರ ಸಿಕ್ಕಿಬಿದ್ದಿದ್ದರು.

"ಇಲ್ಲಿ ಕಬ್ಬಿನ ಲಾರಿ ಪಲ್ಟಿ ಆಗೇತಿ. ಬ್ಯಾರೆ ದಾರಿ ಯಾವುದೈತಿ? ನಮ್ಮ ವರದಿಗಾರ ಹೇಳಿರಬೇಕಲ್ಲ?"

"ಹೇಳ್ಯಾನ್ರಿ ಸಾಹೇಬ್ರ," ಎಂದಳು ದಾನಮ್ಮ ಮೆಲ್ಲಗೆ. "ನಾಳೆ ಮುಂಜಾನಿ ಪೇಪರಿನಾಗ ಬರತೈತ್ರಿ."

"ನನಗರೆ ಹೇಳು," ಎಂದರು ದೇಸಾಯರು.

"ನಿಮಗೊಬ್ಬರಿಗೆ ಹ್ಯಾಂಗ ಹೇಳಲ್ರಿ? ಅಪ್ಪಣೆ ಕೊಟ್ರ ವೆಬ್‌ಸೈಟಿಗೆ ಹಾಕ್ತೀನಿ. ನೀವೂ ಅಲ್ಲೇ ಓದ್ರಿ."

"ಹಾಕು ಮಾರಾಯ್ತಿ, ಹಾಕು."

ಹಾಕಿದಳು. ದೇಸಾಯರು ಚಷ್ಮಾ ಹುಡುಕಿ ಓದಿ ಮುಗಿಸುವಷ್ಟರಲ್ಲಿ ಸುತ್ತಲಿನ ಗಾಡಿಗಳು ತಿರುಗತೊಡಗಿದ್ದವು. ಪಕ್ಕದ ಟೆಂಪೊ ಚಾಲಕ, ಅವರು ಯಾರೆಂದು ಅರಿಯದೆ, ಮೊಬೈಲು ತೋರಿಸಿದ.

"ಕಾಲುವೆ ದಂಡಿ ಹಿಡದು ದಾರಿ ಐತಂತ್ರಿ. ಈ ಪೇಪರಿನವರಿಗೆ ಇವತ್ತರ ಬುದ್ಧಿ ಬಂತು ನೋಡ್ರಿ."

"ಹೂಂ, ಬಂತಪಾ," ಎಂದ ದೇಸಾಯರು ಅವನ ಹಿಂದೆಯೇ ಕಾರು ತಿರುಗಿಸಿದರು.