ಹುರಿ ಕಲಿತ ಪದ

ಕಚೇರಿಯ ಕಡ್ಡಿಪೊರಕೆಯನ್ನು ಬಿಗಿದಿದ್ದ ಹುರಿ ಒಂದು ಬೆಳಿಗ್ಗೆ ಗಂಭೀರವಾಗಿ ಸಾರಿತು: “ಇಂದಿನಿಂದ ನಮ್ಮಲ್ಲೂ ಡೌನ್‌ಸೈಜಿಂಗ್!”

ಕಟ್ಟು ಸಡಿಲವಾಗದಂತೆ ಕಡ್ಡಿಗಳ ನಡುವೆ ಬಡಿದು ಕೂರಿಸಿದ್ದ ಮರದ ಬೆಣೆಗೆ ಕುತೂಹಲ ತಡೆಯಲಾಗಲಿಲ್ಲ. “ಹಾಗೆಂದರೇನು, ಯಜಮಾನರೇ?”

“ಕೆಲವರನ್ನು ಕೆಲಸದಿಂದ ತೆಗೆದು ಸಂಸ್ಥೆಯನ್ನು ಹಗುರಗೊಳಿಸುವುದು. ಸಾಹೇಬರ ಕೋಣೆ ಗುಡಿಸುವಾಗ ಕೇಳಿಸಿಕೊಂಡೆ.”

“ಸೊಗಸಾದ ಪದ. ಹೋಗಬೇಕಾದವರು ಯಾರು?”

“ನೀನೇ. ಬಂದಂದಿನಿಂದ ಒಂದು ದಿನವಾದರೂ ನೆಲ ಮುಟ್ಟಿ ಗುಡಿಸಿದ್ದೀಯೇನಯ್ಯ?”

“ಇಲ್ಲ” ಎಂದಿತು ಬೆಣೆ. ಹೊರಬಿದ್ದರೆ ಕಸದ ಬುಟ್ಟಿಯೇ ಗತಿ ಎಂದು ತಿಳಿದೂ ಅದು ಮೆಲ್ಲನೆ ಜಾರಿ ಮೂಲೆ ಸೇರಿತು.

ಗುಡಿಸುವಾಕೆ ಬಂದು ಪೊರಕೆ ಎತ್ತಿದಳು. ಒಂದೇ ಬೀಸಿಗೆ ಕಡ್ಡಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಹುರಿ ಬರಿಯ ಕುಣಿಕೆಯಾಗಿ ಕೆಳಗೆ ಬಿತ್ತು.

ಬೆಣೆಯ ಕುತೂಹಲ ಇನ್ನೂ ತಣಿದಿರಲಿಲ್ಲ. “ಯಜಮಾನರೇ, ನೀವೂ ನೆಲ ಮುಟ್ಟಿದಿರಲ್ಲ! ಆ ಪದದ ಅರ್ಥದಲ್ಲಿ ಇದೂ ಸೇರುತ್ತದೆಯೇ?”